‘ಗೊಡ್ಡು’ ಎಂಬ ಮಾತೂ ಅಂಡಕೋಶಿಕೆಯ ಬೆಳವಣಿಗೆಯೂ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ ಎಮ್ಮೆಯೊಂದು ಈದು ಬಹುಕಾಲ ಕಳೆದರೂ ಮರಳಿ ಬೆದೆಗೆ ಬಾರದಿದ್ದರೆ ಅದನ್ನು ‘ಗೊಡ್ಡು’ ಎಂದು ಕರೆಯುವ ವಾಡಿಕೆಯುಂಟು. ಹಾಗೆ ಕರೆಯಿಸಿಕೊಂಡ ಎಮ್ಮೆ ಕೊಟ್ಟಿಗೆಯಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ. ಮೂಡಲಗಿಯ ದನದ ಸಂತೆಯ ದಾರಿ ಹಿಡಿಯುತ್ತದೆ. ಮನೆಗೆ ಬಂದ ಸೊಸೆಯ ವಿಷಯದಲ್ಲಿ ಇದೇ ತೀರ್ಪನ್ನು ‘ಬಂಜೆ’ ಎಂಬ ಮಾತಿನಿಂದ ಕೊಡುತ್ತ ಬಂದಿದ್ದೇವೆ. ಎರಡು ಮಾತುಗಳೂ ನಿಂತಿರುವುದು ಒಂದೇ ಊಹೆಯ ಮೇಲೆ: ಹೊರಗೆ ಫಲ ಕಾಣದಿದ್ದರೆ ಒಳಗೆ ಬೀಜವಿಲ್ಲ. ಈ ಊಹೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ನಾವು ಇತಿಹಾಸದ ಅಭ್ಯಾಸಿಗಳು, ಶರೀರಶಾಸ್ತ್ರದವರಲ್ಲ. ಆದರೆ ಒಂದು ಊಹೆಯು ಹೇಗೆ ಹುಟ್ಟಿತು, ಯಾವ ಯಾವ ಆಧಾರಗಳಿಂದ ಶಿಥಿಲವಾಯಿತು ಎಂಬುದನ್ನು ಅರಸುವುದು ನಮ್ಮ ಶಾಸ್ತ್ರಕ್ಕೆ ಹೊರತಾದ ಕೆಲಸವಲ್ಲವೆಂದು ಭಾವಿಸಿದ್ದೇವೆ.

ಪ್ರಾಚೀನರ ಅಭಿಪ್ರಾಯಗಳಿಂದ ಆರಂಭಿಸೋಣ. ಮನುಸ್ಮೃತಿಯ 9ನೆಯ ಅಧ್ಯಾಯವು ಸ್ತ್ರೀಯನ್ನು ಕ್ಷೇತ್ರವೆಂದೂ ಪುರುಷನನ್ನು ಬೀಜವೆಂದೂ ಹೇಳುತ್ತದೆ. ಗ್ರೀಸಿನ ಅರಿಸ್ಟಾಟಲನೂ ಹೆಚ್ಚುಕಡಮೆ ಇದೇ ಜಾಡಿನಲ್ಲಿ ನಡೆದು, ಸ್ತ್ರೀಯು ಒದಗಿಸುವುದು ದ್ರವ್ಯವನ್ನು ಮಾತ್ರ, ಅದಕ್ಕೆ ರೂಪ ಕೊಡುವವನು ಪುರುಷನೆಂದು ಬಗೆದನು. ಸುಶ್ರುತನ ಶಾರೀರಸ್ಥಾನದ ಮಾತು ಇದಕ್ಕಿಂತ ಸೂಕ್ಷ್ಮವಾದುದು. ಮೊಳಕೆಯೊಡೆಯಲು ಋತು, ಕ್ಷೇತ್ರ, ಅಂಬು, ಬೀಜ ಈ ನಾಲ್ಕೂ ಕೂಡಿಬರಬೇಕಾದಂತೆ ಗರ್ಭಕ್ಕೂ ಈ ನಾಲ್ಕು ಬೇಕೆಂದು ಅವನು ಹೇಳಿದ್ದಾನೆ. ನಾಲ್ಕರಲ್ಲಿ ಯಾವುದು ತಪ್ಪಿದರೂ ಫಲವಿಲ್ಲ. ಆದಕಾರಣ ಫಲವಿಲ್ಲದ ಮಾತ್ರಕ್ಕೆ ಕ್ಷೇತ್ರವನ್ನೇ ದೂರುವಂತಿಲ್ಲ. ಈ ದೃಷ್ಟಿ ನಮ್ಮ ಲೋಕರೂಢಿಗೆ ಇಳಿಯದೆ ಹೋದದ್ದು ವಿಷಾದಕರವೇ ಸರಿ. ಕನ್ನಡದಲ್ಲಿ ಚಾಲುಕ್ಯ ವಂಶದ ಕೀರ್ತಿವರ್ಮನು ‘ಗೋವೈದ್ಯ’ವೆಂಬ ಗ್ರಂಥವನ್ನು ರಚಿಸಿ, ದನಗಳ ರೋಗಗಳಿಗೆ ಮದ್ದನ್ನೂ ಮಂತ್ರವನ್ನೂ ಒಟ್ಟಿಗೆ ಹೇಳಿದ್ದಾನೆ. ಪಶುವಿನ ಆರೈಕೆಯು ರಾಜಕುಲದವರ ಲೇಖನಿಗೂ ತಕ್ಕ ವಸ್ತುವೆಂದು ಆ ಕಾಲದ ಕನ್ನಡಿಗರು ತಿಳಿದಿದ್ದರೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದರೆ ಸ್ತ್ರೀಬೀಜವು ಎಲ್ಲಿ, ಹೇಗೆ ಬೆಳೆಯುತ್ತದೆಂಬುದು ಇವರಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಇದನ್ನು ವಿವರವಾಗಿ ಪರಿಶೀಲಿಸಿದವನು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ವೈದ್ಯ ರೆನ್ಯೇ ದ ಗ್ರಾಫ್. 1672ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಅಂಡಾಶಯದ ಮೇಲೆ ಉಬ್ಬಿ ಕಾಣುವ, ನೀರು ತುಂಬಿದ ಗುಳ್ಳೆಗಳನ್ನು ವರ್ಣಿಸಿದನು. ಮೊಲಗಳನ್ನು ಕೂಡುವಿಕೆಯ ಬಳಿಕ ದಿನದಿನಕ್ಕೆ ಕೊಯ್ದು ನೋಡಿ, ಒಡೆದ ಗುಳ್ಳೆಗಳಿಗೂ ಮುಂದೆ ಕಾಣಬರುವ ಭ್ರೂಣಗಳಿಗೂ ಸಂಬಂಧವಿದೆಯೆಂದು ತೋರಿಸಿದನು. ಇಡೀ ಗುಳ್ಳೆಯೇ ಅಂಡವೆಂದು ಅವನು ತಿಳಿದದ್ದು ಮಾತ್ರ ಸರಿಯಾಗಲಿಲ್ಲ. ಗುಳ್ಳೆಯೊಳಗೆ ಅಡಗಿದ ನಿಜವಾದ ಅಂಡವನ್ನು ಕಾಣಲು ಇನ್ನೂ 155 ವರ್ಷ ಬೇಕಾಯಿತು. 1827ರಲ್ಲಿ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದ ಕಾರ್ಲ್ ಅರ್ನ್‌ಸ್ಟ್ ಫಾನ್ ಬೇರ್, ತನ್ನ ಸಹೋದ್ಯೋಗಿ ಬುರ್ಡಾಖನ ಮನೆಯ ನಾಯಿಯೊಂದನ್ನು ಕೊಯ್ದಾಗ, ಗುಳ್ಳೆಯೊಳಗೆ ಹಳದಿ ಚುಕ್ಕೆಯೊಂದನ್ನು ಕಂಡು, ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಗುರುತಿಸಿದನು. ಆ ನಾಯಿಯ ಹೆಸರನ್ನು ಯಾರೂ ಬರೆದಿಟ್ಟಂತೆ ಕಾಣೆವು. ಈ ಗುಳ್ಳೆಯನ್ನೇ ಇಂದು ‘ಫಾಲಿಕಲ್’ ಎನ್ನುವರು. ನಾವು ‘ಅಂಡಕೋಶಿಕೆ’ ಎನ್ನುತ್ತೇವೆ.

ಅಂಡಕೋಶಿಕೆಯೆಂದರೆ ಒಂದು ಅಂಡ ಮತ್ತು ಅದನ್ನು ಸುತ್ತುವರಿದು ಸಾಕುವ ಕೋಶಗಳ ಸಮೂಹ. ಅತ್ಯಂತ ಎಳೆಯ ಕೋಶಿಕೆಯಲ್ಲಿ ಅಂಡದ ಸುತ್ತ ಚಪ್ಪಟೆಯಾದ ಕೋಶಗಳ ಒಂದೇ ಒಂದು ಪದರವಿರುತ್ತದೆ; ಮನುಷ್ಯರಲ್ಲಿ ಇದರ ಅಡ್ಡಳತೆ ಒಂದು ಮಿಲಿಮೀಟರಿನ ಇಪ್ಪತ್ತೈದನೆಯ ಭಾಗದಷ್ಟು. ಇದರೊಳಗಿನ ಅಂಡವು ತನ್ನ ವಿಭಜನೆಯನ್ನು ತಾಯಿಯ ಗರ್ಭದಲ್ಲಿರುವಾಗಲೇ ಆರಂಭಿಸಿ, ಅರ್ಧಕ್ಕೇ ನಿಲ್ಲಿಸಿ, ಹಲವು ವರ್ಷ ಹಾಗೆಯೇ ಮಲಗಿರುತ್ತದೆ. ನಲವತ್ತನೆಯ ವಯಸ್ಸಿನಲ್ಲಿ ಬಿಡುಗಡೆಯಾಗುವ ಅಂಡವು ನಲವತ್ತು ವರ್ಷಗಳಿಗೂ ಮಿಕ್ಕು ಮಲಗಿದ್ದುದೇ ಸರಿ. ಎಚ್ಚರಗೊಂಡ ಕೋಶಿಕೆಯಲ್ಲಿ ಚಪ್ಪಟೆ ಕೋಶಗಳು ಘನಾಕಾರ ತಾಳುತ್ತವೆ. ಅಂಡದ ಸುತ್ತ ಗಾಜಿನಂತೆ ಸ್ವಚ್ಛವಾದ ಪೊರೆ ಮೂಡುತ್ತದೆ. ಒಂದು ಪದರವು ಹಲವಾಗುತ್ತದೆ. ಹೊರಗಡೆ ರಕ್ತನಾಳಗಳನ್ನುಳ್ಳ ಇನ್ನೊಂದು ಕವಚ ಸಿದ್ಧವಾಗುತ್ತದೆ. ಒಳಪದರಗಳ ಕೋಶಗಳನ್ನು ಕಣಕೋಶಗಳೆಂದೂ ಹೊರಗಿನವನ್ನು ಕವಚಕೋಶಗಳೆಂದೂ ಕರೆಯೋಣ. ತರುವಾಯ ಒಳಗೆ ದ್ರವ ಕೂಡಿಕೊಂಡು ಒಂದು ಕುಹರವುಂಟಾಗುತ್ತದೆ. ಇದೇ ದ ಗ್ರಾಫ್ ಕಂಡ ಗುಳ್ಳೆ. ಅಂಡ ಹೊರಬೀಳುವ ಹೊತ್ತಿಗೆ ಮಾನವ ಕೋಶಿಕೆಯ ಅಡ್ಡಳತೆ ಸುಮಾರು 20 ಮಿಲಿಮೀಟರು. ಈ ಇಡೀ ಪಯಣಕ್ಕೆ ಅನೇಕ ತಿಂಗಳುಗಳು ಹಿಡಿಯುತ್ತವೆ. ತಿಂಗಳಿಗೊಮ್ಮೆ ಕಾಣುವ ಋತುವಿನ ಲೆಕ್ಕವು ಅದರ ಕೊನೆಯ ಎರಡು ವಾರಗಳನ್ನು ಮಾತ್ರ ತಿಳಿಸುತ್ತದೆ.

ಇಲ್ಲಿ ವಾಚಕರು ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಐದು ತಿಂಗಳ ಹೆಣ್ಣು ಭ್ರೂಣದ ಅಂಡಾಶಯಗಳಲ್ಲಿ ಸುಮಾರು 60ರಿಂದ 70 ಲಕ್ಷ ಬೀಜಕೋಶಗಳಿರುತ್ತವೆಂದು ಬೇಕರ್ ಎಂಬ ವಿದ್ವಾಂಸರು 1963ರಲ್ಲಿ ಎಣಿಸಿ ತೋರಿಸಿದರು. ಹುಟ್ಟುವ ವೇಳೆಗೆ ಉಳಿಯುವುವು 10ರಿಂದ 20 ಲಕ್ಷ. ಮೈನೆರೆಯುವ ವೇಳೆಗೆ 3ರಿಂದ 4 ಲಕ್ಷ. ಜೀವಮಾನದಲ್ಲಿ ಪಕ್ವವಾಗಿ ಹೊರಬೀಳುವುವು 400ರಿಂದ 500 ಮಾತ್ರ. ಮಿಕ್ಕವುಗಳೆಲ್ಲವೂ ಅಲ್ಲಲ್ಲಿಯೇ ಕ್ಷಯಿಸುತ್ತವೆ. ಅಂಡಾಶಯದಲ್ಲಿ ಕ್ಷಯವೇ ನಿಯಮ, ಪಕ್ವತೆಯೇ ಅಪವಾದ! ಹೊಸ ಅಂಡಗಳು ಹುಟ್ಟಿದ ಮೇಲೆ ಉತ್ಪತ್ತಿಯಾಗುವುದಿಲ್ಲವೆಂದು 1870ರಲ್ಲಿ ವಾಲ್ಡೇಯರ್ ಹೇಳಿದ್ದನ್ನು 1951ರಲ್ಲಿ ಜುಕರ್‌ಮನ್ ಪುನಃ ಸಮರ್ಥಿಸಿದರು. 2004ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗಗಳಿಂದ ಇದಕ್ಕೆ ಆಕ್ಷೇಪ ಬಂದಿತಾದರೂ ಬಹುಮಂದಿ ವಿದ್ವಾಂಸರು ಹಳೆಯ ನಿಲುವನ್ನೇ ಎತ್ತಿಹಿಡಿದಿದ್ದಾರೆ.

ಹಾಗಾದರೆ ಯಾವ ಕೋಶಿಕೆ ಬೆಳೆಯಬೇಕು, ಯಾವುದು ಅಳಿಯಬೇಕೆಂಬುದನ್ನು ನಿರ್ಧರಿಸುವವರು ಯಾರು? ಬಹುಕಾಲ ಅಂಡವನ್ನು ಸುತ್ತಣ ಕೋಶಗಳ ಕೈಗೂಸೆಂದು ಎಣಿಸಲಾಗಿತ್ತು. 1996ರಲ್ಲಿ ಪ್ರಕಟವಾದ ಪ್ರಯೋಗವೊಂದು ಬೇರೆಯದನ್ನೇ ಹೇಳಿತು. ಅಂಡವೇ ಸ್ರವಿಸುವ ಜಿ.ಡಿ.ಎಫ್. 9 ಎಂಬ ಪ್ರೋಟೀನನ್ನು ತಯಾರಿಸಲಾರದ ಇಲಿಗಳಲ್ಲಿ ಕೋಶಿಕೆಗಳು ಒಂದು ಪದರದ ಹಂತದಲ್ಲಿಯೇ ನಿಂತುಬಿಟ್ಟವು. ಎಂದರೆ ತನ್ನನ್ನು ಸಾಕುವವರನ್ನು ಅಂಡವೇ ದುಡಿಸಿಕೊಳ್ಳುತ್ತದೆ. ಮೊದಲ ಹಂತಗಳು ಹೀಗೆ ಅಂಡಾಶಯದೊಳಗಿನ ವ್ಯವಹಾರ. ಮಿದುಳಿನ ಅಪ್ಪಣೆಗೆ ಅವು ಕಾಯುವುದಿಲ್ಲ. ಅಲ್ಲದೆ ಬೆಳೆಯತೊಡಗಿದ ಚಿಕ್ಕ ಕೋಶಿಕೆಗಳು ಎ.ಎಂ.ಎಚ್. ಎಂಬ ಹಾರ್ಮೋನನ್ನು ಸ್ರವಿಸಿ, ಮಲಗಿರುವ ಇತರ ಕೋಶಿಕೆಗಳು ಒಮ್ಮೆಗೇ ಏಳದಂತೆ ತಡೆಯುತ್ತವೆ. ಈ ಹಾರ್ಮೋನಿಲ್ಲದ ಇಲಿಗಳಲ್ಲಿ ಸಂಗ್ರಹವು ಬೇಗನೆ ಬರಿದಾಗುವುದು 1999ರಲ್ಲಿ ಕಂಡುಬಂದಿತು. ಇಂದು ವೈದ್ಯರು ರಕ್ತದಲ್ಲಿ ಇದನ್ನು ಅಳೆದು, ಸ್ತ್ರೀಯಲ್ಲಿ ಉಳಿದಿರುವ ಕೋಶಿಕೆಗಳ ಅಂದಾಜು ಮಾಡುತ್ತಾರೆ.

ಕುಹರವುಂಟಾದ ಬಳಿಕ ಮಾತ್ರ ಆಡಳಿತವು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಸೇರುತ್ತದೆ. ಇದು ತಿಳಿದುಬಂದ ಬಗೆಯೂ ಸ್ವಾರಸ್ಯವಾದುದು. 1923ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ಎಡ್ಗರ್ ಆಲೆನ್ ಮತ್ತು ಎಡ್ವರ್ಡ್ ಡಾಯ್ಸಿ ಎಂಬವರು ಕಸಾಯಿಖಾನೆಯಿಂದ ಹಂದಿಯ ಅಂಡಾಶಯಗಳನ್ನು ತಂದು, ಕೋಶಿಕೆಗಳ ದ್ರವವನ್ನು ಹೀರಿ ತೆಗೆದು, ಅಂಡಾಶಯವಿಲ್ಲದ ಇಲಿಗಳಿಗೆ ಚುಚ್ಚಿದರು. ಆ ಇಲಿಗಳು ಬೆದೆಗೆ ಬಂದವು. ಬೆದೆಯ ಮೂಲ ಕೋಶಿಕೆಯ ದ್ರವದಲ್ಲಿದೆಯೆಂದಾಯಿತು. ಆ ದ್ರವದಲ್ಲಿದ್ದುದು ಈಸ್ಟ್ರೋಜನ್. 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನಲ್ಲಿ ಝೋಂಡೆಕ್ ಮತ್ತು ಆಶ್‌ಹೈಮ್, ಅಮೆರಿಕದಲ್ಲಿ ಸ್ಮಿತ್ ಮತ್ತು ಎಂಗಲ್, ಪಿಟ್ಯುಟರಿಯ ತುಣುಕನ್ನು ಎಳೆಯ ಇಲಿಗಳ ಮೈಯಲ್ಲಿಟ್ಟು ಕೋಶಿಕೆಗಳನ್ನು ಅಕಾಲದಲ್ಲಿ ಬೆಳೆಸಿದರು. 1931ರಲ್ಲಿ ಫೆವೋಲ್ಡ್, ಹಿಸಾ ಮತ್ತು ಲೆನರ್ಡ್ ಎಂಬವರು ಆ ಗ್ರಂಥಿಯ ರಸವನ್ನು ಎರಡಾಗಿ ಬೇರ್ಪಡಿಸಿದರು. ಒಂದು ಕೋಶಿಕೆಯನ್ನು ಬೆಳೆಸುವ ಎಫ್.ಎಸ್.ಎಚ್.; ಇನ್ನೊಂದು, ಅಂಡ ಹೊರಬಿದ್ದ ಮೇಲೆ ಉಳಿಯುವ ಪೀತಪಿಂಡವನ್ನು ಉಂಟುಮಾಡುವ ಎಲ್.ಎಚ್.

ಎರಡು ಬಗೆಯ ಕೋಶಗಳು ಕೂಡಿ ಕೆಲಸ ಮಾಡುವುದನ್ನು ಸ್ವೀಡನ್ನಿನ ಫಾಲ್ಕ್ 1959ರ ಪ್ರಯೋಗಗಳಿಂದ ಬಿಡಿಸಿದರು. ಎಲ್.ಎಚ್. ಪ್ರೇರಣೆಯಿಂದ ಕವಚಕೋಶಗಳು ಆಂಡ್ರೋಜನ್ ಎಂಬ ಕಚ್ಚಾ ಪದಾರ್ಥವನ್ನು ತಯಾರಿಸುತ್ತವೆ; ಎಫ್.ಎಸ್.ಎಚ್. ಪ್ರೇರಣೆಯಿಂದ ಕಣಕೋಶಗಳು ಅದನ್ನು ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತವೆ. ಒಬ್ಬರು ಹತ್ತಿ ಬಿಡಿಸಿಕೊಟ್ಟು ಇನ್ನೊಬ್ಬರು ನೂಲು ತೆಗೆದಂತೆ ಎನ್ನಬಹುದು. ಗೋಕಾಕದ ಗಿರಣಿಯ ನೆರೆಯವರಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ.

ಅನೇಕ ಕೋಶಿಕೆಗಳು ಒಟ್ಟಿಗೆ ಬೆಳೆಯತೊಡಗಿದರೂ ಒಂದೇ ಏಕೆ ಉಳಿಯುತ್ತದೆ? ಘಟಪ್ರಭಾ ಕಾಲುವೆಯ ನೀರುಂಡ ರೈತರಿಗೆ ಒಂದು ದೃಷ್ಟಾಂತದಿಂದ ಇದನ್ನು ತಿಳಿಸಬಹುದು. ಕಾಲುವೆ ತುಂಬಿ ಹರಿಯುವಾಗ ಎಲ್ಲ ಹೊಲಗಳೂ ಹಸಿರಾಗಿರುತ್ತವೆ. ನೀರು ಇಳಿಯತೊಡಗಿದಾಗ ಆಳವಾದ ಬಾವಿಯುಳ್ಳ ಹೊಲ ಮಾತ್ರ ಉಳಿದು ಮಿಕ್ಕವು ಒಣಗುತ್ತವೆ. ಇಲ್ಲಿ ಕಾಲುವೆಯ ನೀರೆಂದರೆ ಎಫ್.ಎಸ್.ಎಚ್. ಋತುಚಕ್ರದ ಆರಂಭದಲ್ಲಿ ಅದರ ಪ್ರಮಾಣ ಏರಿ, ಎರಡರಿಂದ ಐದು ಮಿಲಿಮೀಟರಿನ ಕೋಶಿಕೆಗಳ ಗುಂಪೊಂದು ಬೆಳೆಯುತ್ತದೆ. ಅವುಗಳೇ ಸ್ರವಿಸುವ ಈಸ್ಟ್ರೋಜನ್ ಮತ್ತು ಇನ್ಹಿಬಿನ್ ಎಂಬ ಹಾರ್ಮೋನುಗಳು ಪಿಟ್ಯುಟರಿಗೆ ಮುಟ್ಟಿ, ಎಫ್.ಎಸ್.ಎಚ್. ಹರಿವು ತಗ್ಗುತ್ತದೆ. ಅಷ್ಟರಲ್ಲಿ ಮುಂದೆ ಸಾಗಿದ ಒಂದು ಕೋಶಿಕೆ ಅಲ್ಪ ಪ್ರಮಾಣದಲ್ಲಿಯೇ ತೃಪ್ತಿಪಡುವ ಶಕ್ತಿಯನ್ನೂ, ಎಲ್.ಎಚ್.ನಿಂದಲೂ ಪೋಷಣೆ ಪಡೆಯುವ ಶಕ್ತಿಯನ್ನೂ ಗಳಿಸಿರುತ್ತದೆ. ಇದೇ ಆಳವಾದ ಬಾವಿ. ದೃಷ್ಟಾಂತವು ಒಂದು ಕಡೆ ಮಾತ್ರ ಹೊಂದುವುದಿಲ್ಲ: ನಮ್ಮ ಹೊಲಗಳು ಕಾಲುವೆಯ ನೀರನ್ನು ತಾವೇ ತಗ್ಗಿಸಿ ನೆರೆಯವರನ್ನು ಒಣಗಿಸಲಾರವು, ಪ್ರಧಾನ ಕೋಶಿಕೆಯಾದರೋ ಅದನ್ನೇ ಮಾಡುತ್ತದೆ.

ಪಕ್ವವಾದ ಕೋಶಿಕೆಯಿಂದ ಈಸ್ಟ್ರೋಜನ್ ತುಂಬಿಬಂದಾಗ ಪಿಟ್ಯುಟರಿಯ ವರ್ತನೆ ತಲೆಕೆಳಗಾಗುತ್ತದೆ. ಇದುವರೆಗೆ ತಡೆಯುತ್ತಿದ್ದ ಸಂಕೇತವೇ ಈಗ ಕೆರಳಿಸುವ ಸಂಕೇತವಾಗಿ ಎಲ್.ಎಚ್. ಪ್ರವಾಹದಂತೆ ಹೊಮ್ಮುತ್ತದೆ, ಸುಮಾರು 36 ಗಂಟೆಗಳಲ್ಲಿ ಕೋಶಿಕೆ ಒಡೆದು ಅಂಡ ಹೊರಬೀಳುತ್ತದೆ. ಪಿಟ್ಯುಟರಿಗೂ ಮೇಲಿನ ಒಡೆಯನೊಬ್ಬನಿದ್ದಾನೆ. ಮಿದುಳಿನಲ್ಲಿ ಹುಟ್ಟುವ ಆ ಚಿಕ್ಕ ಹಾರ್ಮೋನಿನ ರಚನೆಯನ್ನು 1971ರಲ್ಲಿ ಬಿಡಿಸಿದ ಶ್ಯಾಲಿ ಮತ್ತು ಗಿಯ್‌ಮೆನ್ 1977ರ ನೊಬೆಲ್ ಪಾರಿತೋಷಕಕ್ಕೆ ಭಾಗಿಗಳಾದರು. ಅದು ಎಡೆಬಿಡದೆ ಹರಿದರೆ ಪ್ರಯೋಜನವಿಲ್ಲ, ಗಂಟೆ ಬಾರಿಸಿದಂತೆ ತಡೆತಡೆದು ಬರಬೇಕೆಂಬುದನ್ನು ಕ್ನೋಬಿಲ್ ಎಂಬವರು ರೀಸಸ್ ಕೋತಿಗಳಲ್ಲಿ ತೋರಿಸಿದರು. ಭಾರತದಿಂದ ಈ ಕೋತಿಗಳ ರಫ್ತು ನಿಂತುದು 1978ರಲ್ಲಿ. ಅಲ್ಲಿಯವರೆಗಿನ ಪಾಶ್ಚಾತ್ಯ ಶರೀರಶಾಸ್ತ್ರವು ನಮ್ಮ ಕಾಡುಗಳಿಗೆ ಎಷ್ಟು ಋಣಿಯೆಂಬುದು ಪ್ರತ್ಯೇಕ ಸಂಶೋಧನೆಗೆ ತಕ್ಕ ವಿಷಯ.

ಕರ್ನಾಟಕದಲ್ಲಿಯೂ ಈ ಶೋಧನೆಗೆ ಗಣ್ಯವಾದ ಪಾಲು ಸಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಮತ್ತು ಅವರ ಶಿಷ್ಯರು ಎಫ್.ಎಸ್.ಎಚ್. ಹಾಗೂ ಎಲ್.ಎಚ್.ಗಳನ್ನು ಪ್ರತಿಕಾಯಗಳಿಂದ ಒಂದೊಂದಾಗಿ ನಿಷ್ಕ್ರಿಯಗೊಳಿಸಿ, ಯಾವುದರ ಕೆಲಸ ಯಾವುದೆಂದು ಪ್ರಾಣಿಗಳಲ್ಲಿ ಪರೀಕ್ಷಿಸಿದರು. ನಮ್ಮ ಸೀಮೆಗೆ ಇನ್ನೂ ಹತ್ತಿರದ ನಿದರ್ಶನ ಧಾರವಾಡದ್ದು. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಹುಟ್ಟುವವರೆಗೆ, ಗೋಕಾಕ–ಹುಕ್ಕೇರಿಗಳ ಕಾಲೇಜುಗಳು ಸೇರಿದ್ದವು. ಅಲ್ಲಿಯ ಪ್ರಾಣಿಶಾಸ್ತ್ರ ವಿಭಾಗದ ವಿ. ಬಿ. ನಾಡಕರ್ಣಿ ಮತ್ತು ಎಸ್. ಕೆ. ಸೈದಾಪುರ ಅವರು ಮುಂಗಾರಿಗೆ ವಟಗುಟ್ಟುವ ದೊಡ್ಡ ಕಪ್ಪೆಯ ಅಂಡಾಶಯವನ್ನು ಕೈಗೆತ್ತಿಕೊಂಡರು. ಅದರ ಕೋಶಿಕೆಗಳು ಕ್ಷಯಿಸುವ ಬಗೆಯನ್ನು 1973ರಲ್ಲಿಯೂ, ಉಭಯಚರಗಳ ಅಂಡಾಶಯದಲ್ಲಿ ಸ್ಟೀರಾಯ್ಡ್ ತಯಾರಿಸುವ ಕೋಶಗಳು ಯಾವುವೆಂಬುದನ್ನು 1974ರಲ್ಲಿಯೂ ಪ್ರಕಟಿಸಿದರು. ಸ್ತನಿಗಳಲ್ಲದ ಕಶೇರುಕಗಳಲ್ಲಿ ಕೋಶಿಕಾಕ್ಷಯವನ್ನು ಕುರಿತು 1978ರಲ್ಲಿ ಸೈದಾಪುರ ಅವರು ಬರೆದ ಸಮೀಕ್ಷೆಯು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬೆಳಕು ಕಂಡಿತು. ನಮ್ಮ ಹೊಂಡದ ಕಪ್ಪೆಯಿಂದ ಇಷ್ಟು ದೂರದ ಮಾತು ಹುಟ್ಟಿತೆಂಬುದನ್ನು ಇಲ್ಲಿಯ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಬಲ್ಲರು?

ಇನ್ನು ‘ಬಂಜೆ’ ಎಂಬ ಮಾತಿಗೆ ಬರೋಣ. ಸ್ತ್ರೀಯರಲ್ಲಿ ಅಂಡ ಹೊರಬೀಳದಿರಲು ಬಹುಸಾಮಾನ್ಯವಾದ ಕಾರಣ ಪಿ.ಸಿ.ಓ.ಎಸ್. ಎಂಬ ದೋಷ. ಇದರಲ್ಲಿ ಕೋಶಿಕೆಗಳ ಕೊರತೆಯಿಲ್ಲ. ಹಲವಾರು ಚಿಕ್ಕ ಕೋಶಿಕೆಗಳು ಒಟ್ಟಿಗೆ ಬೆಳೆದು, ಒಂದೂ ಪ್ರಧಾನವಾಗದೆ ನಿಂತಿರುತ್ತವೆ. ಬೀಜವಿಲ್ಲವೆಂದು ಜನ ಹೇಳುವಲ್ಲಿ ಬೀಜಗಳು ಸಾಲುಗಟ್ಟಿ ಕಾದಿರುತ್ತವೆ. ಚಿಕಿತ್ಸೆಯ ಇತಿಹಾಸವೂ ವಿಚಿತ್ರವಾದುದು. ಮುಟ್ಟು ನಿಂತ ಮುದುಕಿಯರಲ್ಲಿ ತಡೆಯುವ ಕೋಶಿಕೆಗಳೇ ಇಲ್ಲದ್ದರಿಂದ ಎಫ್.ಎಸ್.ಎಚ್. ಮೇರೆಮೀರಿ ಏರಿ ಮೂತ್ರದಲ್ಲಿ ಹೊರಬೀಳುತ್ತದೆ. ಇಟಲಿಯಲ್ಲಿ ವೃದ್ಧ ಸಂನ್ಯಾಸಿನಿಯರ ಮೂತ್ರದಿಂದ ಅದನ್ನು ಬೇರ್ಪಡಿಸಿ, 1960ರ ದಶಕದ ಆರಂಭದಲ್ಲಿ ಮಕ್ಕಳಿಲ್ಲದ ತರುಣಿಯರ ಕೋಶಿಕೆಗಳನ್ನು ಬೆಳೆಸಲಾಯಿತು. ಕಲಕತ್ತೆಯ ಡಾ. ಸುಭಾಷ್ ಮುಖ್ಯೋಪಾಧ್ಯಾಯರು ಇಂಥ ಹಾರ್ಮೋನಿನಿಂದಲೇ ಹಲವು ಕೋಶಿಕೆಗಳನ್ನು ಏಕಕಾಲಕ್ಕೆ ಪಕ್ವಗೊಳಿಸಿದರು. 1978ರ ಅಕ್ಟೋಬರ್ 3ರಂದು ಪ್ರನಾಳ ಶಿಶುವಿನ ಜನನವಾಯಿತು. ಅವರ ಮಾತನ್ನು ಅಂದು ನಂಬಿದವರು ವಿರಳ. ಅವಮಾನ, ವರ್ಗಾವಣೆಗಳಿಂದ ನೊಂದು ಅವರು 1981ರಲ್ಲಿ ಪ್ರಾಣ ಕಳೆದುಕೊಂಡರು. ಮುಂಬಯಿಯಲ್ಲಿ ಇದೇ ಕ್ಷೇತ್ರದಲ್ಲಿ ಹೆಸರಾದ ಟಿ. ಸಿ. ಆನಂದಕುಮಾರರು ಆ ಕಾಗದಪತ್ರಗಳನ್ನು ಓದಿ 1997ರಲ್ಲಿ ಅವರಿಗೆ ಸಲ್ಲಬೇಕಾದ ಮನ್ನಣೆಯನ್ನು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಸಲ್ಲಿಸಿದರು. ಮಕ್ಕಳಾಗದ ದಂಪತಿಗಳಲ್ಲಿ ಸರಿಸುಮಾರು ಅರ್ಧದಷ್ಟು ಸಂದರ್ಭಗಳಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆಂಬುದನ್ನು ಇಲ್ಲಿ ಸೇರಿಸಿ ಹೇಳಬೇಕು. ಹೀಗಿರಲು ಮಗನನ್ನು ಪರೀಕ್ಷಿಸದೆ ಸೊಸೆಗೆ ಹೆಸರಿಡುವುದು ನ್ಯಾಯವಲ್ಲ.

‘ಗೊಡ್ಡು’ ಎಮ್ಮೆಯ ಸ್ಥಿತಿಯೂ ಬಹುಮಟ್ಟಿಗೆ ಇಂಥದೇ. ಹಸುವಿನ ಅಂಡಾಶಯಗಳಲ್ಲಿ ಲಕ್ಷಕ್ಕೂ ಮಿಕ್ಕು ಎಳೆಯ ಕೋಶಿಕೆಗಳಿದ್ದರೆ ಎಮ್ಮೆಯಲ್ಲಿ ಇರುವುವು 10ರಿಂದ 20 ಸಾವಿರದಷ್ಟು. ಬಂಡವಾಳ ಕಿರಿದು, ನಿಜ. ಆದರೆ ಒಂದು ಎಮ್ಮೆಯ ಬಾಳಿಗೆ ಅದು ಧಾರಾಳವಾಯಿತು. ತೊಡಕಿರುವುದು ಬೇರೆಡೆ. 1980ರ ದಶಕದಿಂದೀಚೆಗೆ ಅಲ್ಟ್ರಾಸೌಂಡ್ ಯಂತ್ರದಿಂದ ನೋಡಿದಾಗ, 21 ದಿನಗಳ ಬೆದೆಚಕ್ರದಲ್ಲಿ ದನಗಳ ಕೋಶಿಕೆಗಳು ಎರಡು ಅಥವಾ ಮೂರು ಅಲೆಗಳಾಗಿ ಏಳುತ್ತವೆಂದು ಗೊತ್ತಾಯಿತು. ಎಮ್ಮೆಯಲ್ಲಿ ಹೆಚ್ಚಾಗಿ ಎರಡು. ಪ್ರತಿ ಅಲೆಯಲ್ಲಿ ಒಂದು ಪ್ರಧಾನ ಕೋಶಿಕೆ ಬೆಳೆದು, ಪೀತಪಿಂಡದ ಪ್ರೊಜೆಸ್ಟರೋನ್ ತಗ್ಗಿದ್ದರೆ ಒಡೆಯುತ್ತದೆ, ಇಲ್ಲದಿದ್ದರೆ ಅಳಿಯುತ್ತದೆ. ಈದ ಬಳಿಕ ಹಾಲಿಗೆ ಬೇಕಾಗುವಷ್ಟು ಮೇವು ಸಾಲದೆ ಮೈ ಇಳಿದರೆ, ಕರುವು ಸದಾ ಕೆಚ್ಚಲಿಗೆ ಬೀಳುತ್ತಿದ್ದರೆ, ಎಲ್.ಎಚ್. ತಾಳ ತಪ್ಪುತ್ತದೆ, ಆಗ ಅಲೆಯ ಮೇಲೆ ಅಲೆ ಎದ್ದರೂ ಯಾವ ಕೋಶಿಕೆಯೂ ಒಡೆಯುವುದಿಲ್ಲ. ಬೇಸಿಗೆಯ ಬಿಸಿಲಿನಲ್ಲಿ ಕೋಶಿಕೆ ಒಡೆದರೂ ಎಮ್ಮೆ ಸದ್ದು ಮಾಡದೆ ಬೆದೆಗೆ ಬಂದು ಹೋಗುವುದುಂಟು. ಆ ಮೂಕಬೆದೆಯು ಹಗಲು ದುಡಿದು ರಾತ್ರಿ ಮಲಗಿದ ಒಡೆಯನ ಗಮನಕ್ಕೆ ಬರುವುದಿಲ್ಲ. ಹಗಲು ಕಿರಿದಾಗುವ ಕಾಲದಲ್ಲಿ ಎಮ್ಮೆಯ ಬೆದೆ ಸ್ಪಷ್ಟವಾಗುತ್ತದೆ. ಸುಶ್ರುತನ ಋತು ಮತ್ತು ಅಂಬು ಎರಡೂ ಇಲ್ಲಿ ಹೊಸ ಅರ್ಥದಿಂದ ನೆನಪಿಗೆ ಬರುತ್ತವೆ.

ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯ ಸುತ್ತಿನಿಂದ ಮೂಡಲಗಿಯವರೆಗೆ ಇಂದು ಕಬ್ಬೇ ಪ್ರಧಾನ ಬೆಳೆ. ಕಬ್ಬಿನ ಸೋಗೆಯೇ ಅನೇಕ ಮನೆಗಳಲ್ಲಿ ತಿಂಗಳುಗಟ್ಟಲೆ ಮೇವು. ಸೋಗೆಯಿಂದ ಹೊಟ್ಟೆ ತುಂಬುತ್ತದೆ, ಆದರೆ ಅದರಲ್ಲಿ ಪ್ರೋಟೀನು ಅತ್ಯಲ್ಪ; ಹಿಂಡಿ, ಹಸಿರು ದ್ವಿದಳ ಮೇವು, ಖನಿಜಗಳು ಜೊತೆಗೂಡಬೇಕು. ಆದುದರಿಂದ ಎಮ್ಮೆಯನ್ನು ಸಂತೆಗೆ ಹೊಡೆಯುವ ಮುನ್ನ ಪಶುವೈದ್ಯರಿಂದ ಅಂಡಾಶಯವನ್ನು ಪರೀಕ್ಷಿಸಿಸುವುದು ಲೇಸು. ಕೈಗೆ ಪೀತಪಿಂಡ ತಗುಲಿದರೆ ಎಮ್ಮೆ ಗಬ್ಬವಿದ್ದೀತು, ಇಲ್ಲವೆ ಬೆದೆ ಕಣ್ತಪ್ಪಿದ್ದೀತು. ಕೋಶಿಕೆ ಮಾತ್ರ ತಗುಲಿದರೆ ಅದನ್ನು ಒಡೆಯಿಸುವ ಹಾರ್ಮೋನುಗಳುಂಟು. ಎರಡೂ ಇಲ್ಲದೆ ಅಂಡಾಶಯ ಚಿಕ್ಕದಾಗಿ ಬಿಗಿದಿದ್ದರೆ ಮದ್ದಿಗಿಂತ ಮೊದಲು ಮೇವು ಬೇಕು. ಹುಟ್ಟಿನಿಂದಲೇ ಅವಯವದೋಷವುಳ್ಳ ಮಣಕಗಳು ಇಲ್ಲವೆಂದಲ್ಲ, ಆದರೆ ಅವು ಕೆಲವೇ.

ಇತಿಹಾಸದ ದೃಷ್ಟಿಯಿಂದ ನಮಗೆ ಒಂದು ಕೆಲಸ ಉಳಿದಿದೆ. ಈ ಮೂರು ತಾಲೂಕುಗಳ ಪಶುಚಿಕಿತ್ಸಾಲಯಗಳಲ್ಲಿಯೂ ಹಾಲಿನ ಸಂಘಗಳಲ್ಲಿಯೂ ಕೃತಕ ಗರ್ಭಧಾರಣೆಯ ದಾಖಲೆ ಪುಸ್ತಕಗಳಿರುತ್ತವೆ: ಎಮ್ಮೆ ಯಾರದು, ಬೆದೆಗೆ ಬಂದ ದಿನ ಯಾವುದು, ಈದದ್ದು ಯಾವಾಗ. ಹಳೆಯವಾದವೆಂದು ರದ್ದಿಗೆ ಹೋಗುವ ಮುನ್ನ ಅವನ್ನು ಒಂದೆಡೆ ಕೂಡಿಸಿದರೆ, ಕಾಲುವೆ ಬರುವ ಮುಂಚಿನ ಜೋಳದ ಕಣಿಕೆಯ ಕಾಲಕ್ಕೂ ಬಳಿಕದ ಸೋಗೆಯ ಕಾಲಕ್ಕೂ ಎಮ್ಮೆಗಳ ಈಯುವಿಕೆಯಲ್ಲಿ ಏನು ಅಂತರವಾಯಿತೆಂಬುದನ್ನು ಊರೂರಿನ ಲೆಕ್ಕದಿಂದ ಬರೆಯಲು ಸಾಧ್ಯ. ನಮ್ಮ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಆಸಕ್ತರಾದವರು ಮೊದಲು ಹುಕ್ಕೇರಿಯಿಂದ ಆರಂಭಿಸಬಹುದು.